ಉಬ್ಬೆಗೆ ಹಾಕಿದ ಹಗ್ಗ

ಮೊನ್ನೆ ಬೈಲಹೊಂಗಲದಲ್ಲಿ ಹತ್ತಿ ಇಳಿಸಿ ಬಂದ ಗಾಡಿಯವನು ಎತ್ತಿನ ಕೊರಳ ಕಣ್ಣಿ ಬಿಚ್ಚುತ್ತ, "ಆ ಹಗ್ಗದ ಕಾಕಾ ಹೋದ್ರಂತ್ರಿ" ಎಂದ. ನಾನು ಕೂಡಲೇ ನಂಬಲಿಲ್ಲ. ಯಾರು ಹೇಳಿದರು, ಹೇಳಿದವನು ಕಣ್ಣಾರೆ ಕಂಡಿದ್ದನೋ ಅಥವಾ ಅವನೂ ಕೇಳಿದ್ದೋ ಎಂದು ವಿಚಾರಿಸಿದೆ. ಗಾಡಿಯವನಿಗೆ ಬೇಸರವಾಯಿತು. ಸತ್ತ ಸುದ್ದಿಗೂ ಸಾಕ್ಷಿ ಕೇಳುತ್ತಾರಲ್ಲ ಎಂಬಂತೆ ನನ್ನ ಮುಖ ನೋಡಿ ಎತ್ತಿಗೆ ನೀರು ಕುಡಿಸಲು ಹೋದ. ಎರಡು ದಿನ ಬಿಟ್ಟು ಬೇರೊಬ್ಬರ ಬಾಯಿಂದ ಅದೇ ಮಾತು ಬಂದಾಗ ಒಪ್ಪಿಕೊಂಡೆ. ಕಾಕಾ ಆಗಿದ್ದರೆ ಮೂರನೆಯವರನ್ನೂ ಕೇಳುತ್ತಿದ್ದರು.

ಅವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಹೆಸರು ಒಮ್ಮೆ ಕಾಗದದ ಮೇಲೆ ಬಿತ್ತೆಂದರೆ ಅದು ಎಂದಾದರೂ ಪೊಲೀಸರ ಕೈಗೆ ಹೋಗಿಯೇ ಹೋಗುತ್ತದೆ ಎಂದು ಅವರು ನಂಬಿದ್ದರು. ನಾನೋ ಕಾರಕೂನ, ಹೊತ್ತು ಹುಟ್ಟಿದರೆ ಕಾಗದದ ಮೇಲೆ ಹೆಸರು ಬೀಳಿಸುವುದೇ ನನ್ನ ಉದ್ಯೋಗ. ನನ್ನ ಕಿವಿಯ ಹಿಂದೆ ಲೆಕ್ಕಣಿಕೆ ಕಂಡರೆ ಅವರ ಮಾತು ನಿಂತುಬಿಡುತ್ತಿತ್ತು. "ಅದನ್ನ ಮೊದಲ ತಗದ ಇಡ್ರಿ ರಾಯರ, ಆಮ್ಯಾಲೆ ಮಾತಾಡೂಣು" ಎನ್ನುತ್ತಿದ್ದರು. ಹೀಗಾಗಿ ಊರೆಲ್ಲ ಕರೆದಂತೆ ನಾನೂ ಕಾಕಾ ಎಂದಷ್ಟೇ ಕರೆಯುತ್ತೇನೆ.

ಪ್ಲೇಗಿನ ಹೆದರಿಕೆ ತಣ್ಣಗಾಗಿ ಜನ ಗುಡಿಸಲು ಬಿಟ್ಟು ಮತ್ತೆ ಮನೆ ಸೇರಿದ್ದ ಕಾಲ ಅದು. ಯರಗಟ್ಟಿಯಿಂದ ಎರಡು ಹರದಾರಿ ದೂರದ ಒಂದು ಹಳ್ಳಿಯಲ್ಲಿ, ದೇಸಾಯರ ವಾಡೆಯಲ್ಲಿ ನಾನು ಲೇಖನಿ ಹಿಡಿದಿದ್ದೆ. ವಾಡೆಯ ಹಿಂಬದಿಗೆ ಹಳೆಯದೊಂದು ಹುಡೆ ಇತ್ತು. ದಂಡಿನ ದಿನಗಳಲ್ಲಿ ಊರು ಕಾಯಲೆಂದು ಕಟ್ಟಿದ, ಆರಾಳೆತ್ತರದ ದುಂಡನೆಯ ಕಲ್ಲಿನ ಬುರುಜು. ಪ್ರತಿ ಮಳೆಗಾಲದಲ್ಲಿಯೂ ಅದರ ಸಂದುಗಳಲ್ಲಿ ಅರಳಿಯ ಸಸಿ ಹುಟ್ಟುತ್ತಿದ್ದವು. ಹಕ್ಕಿ ಹಿಕ್ಕೆ ಹಾಕಿದಲ್ಲೆಲ್ಲ ಒಂದೊಂದು. ಮೊದಲ ವರ್ಷ ಬೆರಳಷ್ಟು, ಮರುವರ್ಷ ತೋಳಷ್ಟು, ಹಾಗೆಯೇ ಬಿಟ್ಟರೆ ಕಲ್ಲನ್ನು ಕಲ್ಲಿನಿಂದ ಬೇರೆ ಮಾಡಿಬಿಡುತ್ತವೆ. ಆದರೆ ಅರಳಿ ಎಂದರೆ ನಮ್ಮ ಮಂದಿ ಸುತ್ತು ಹಾಕಿ ಕೈ ಮುಗಿಯುವ ಗಿಡ. ಅದನ್ನು ಬೇರುಸಹಿತ ಕೀಳಲು ಯಾರ ಕೈಯೂ ಏಳುತ್ತಿರಲಿಲ್ಲ.

ಆ ಕೆಲಸಕ್ಕೆ ಬೈಲಹೊಂಗಲದ ಕಾಕಾ ಬರುತ್ತಿದ್ದರು. ಹಸ್ತಾ ಮಳೆ ಮುಗಿಯುತ್ತಲೇ ಹೆಗಲಿಗೆ ಇಪ್ಪತ್ತು ಮಾರು ಹಗ್ಗ, ಸೊಂಟಕ್ಕೆ ಒಂದು ಕುಡುಗೋಲು. ಮುರಗೋಡದ ಕಡೆಯ ವಾಡೆಗಳು, ಸವದತ್ತಿಯ ಗುಡ್ಡದ ಗೋಡೆಗಳು, ಹೊಳೆ ದಾಟಿ ಕಟಕೋಳ, ರಾಮದುರ್ಗದ ಸೀಮೆ, ಹೀಗೆ ಚಳಿ ಮುಗಿಯುವವರೆಗೆ ಊರೂರು ತಿರುಗಿ, ಗೋಡೆಯ ನೆತ್ತಿಯಿಂದ ಹಗ್ಗದಲ್ಲಿ ಇಳಿದು, ತೂಗಾಡುತ್ತ, ಸಸಿ ಕಿತ್ತು, ಮತ್ತೆ ಹತ್ತಿ ಬರುವುದು. "ಗಿಡಾ ಕಿತ್ತ ಪಾಪಾ ನನ್ನ ತೆಲಿ ಮ್ಯಾಲೆ, ನನ್ನ ಜೀವಾ ನಿಮ್ಮ ಕೈಯಾಗ. ಇದರಾಗ ಯಾರಿಗೆ ಹೆಚ್ಚಾತು ನೀವ ಹೇಳ್ರಿ" ಎಂದು ದೇಸಾಯರನ್ನೇ ಒಮ್ಮೆ ಕೇಳಿದ್ದರು. ಇನ್ನೊಮ್ಮೆ, ಈ ಚಿಲ್ಲರೆ ಸಸಿಗೆ ಇಷ್ಟು ಹೆದರಬೇಕೇ ಎಂದು ನಾನು ನಕ್ಕಾಗ, "ಕಿತ್ತೂರ ನೋಡೀರಿಲ್ಲೋ? ತೋಪಿಗೆ ಬೀಳದ ಗ್ವಾಡಿ ಬೇರಿಗೆ ಬಿದ್ದಾವ" ಎಂದಿದ್ದರು.

ಎತ್ತರದ, ಒಣಕಲು ಮೈ. ಹಗ್ಗ ಹೊತ್ತು ಹೊತ್ತು ಎಡಹೆಗಲು ಒಂದು ಬೆರಳು ಕೆಳಗಿಳಿದಿತ್ತು. ಎಲ್ಲಿ ಕೂತರೂ ಬೆನ್ನಿಗೆ ಗೋಡೆ ಇರಬೇಕು. ನೀರು ಕೊಟ್ಟರೆ ಮೂಸಿ ಕುಡಿಯುತ್ತಿದ್ದರು. "ಹೆಂಗದೀರಿ ಕಾಕಾ?" ಎಂದರೆ, "ಯಾಕ ಕೇಳಿದ್ರಿ?" ಎನ್ನುವುದು ಅವರ ಉತ್ತರ. ಸಿಟ್ಟಿನಿಂದಲ್ಲ, ನಿಜವಾಗಿಯೂ ಯಾಕೆಂದು ತಿಳಿಯಬೇಕಾಗಿತ್ತು ಅವರಿಗೆ.

ಊರಿಗೆ ಬಂದೊಡನೆ ಹುಡೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೊದಲ ಕೆಲಸ ಹಗ್ಗ ತೊಳೆಯುವುದು. ಊರ ಹಳ್ಳದಲ್ಲಿ ನೀರು ತಿಳಿಯಾಗಿ ಹರಿಯುವ ಕಡೆ ಮೊಣಕಾಲುದ್ದ ಇಳಿದು, ಹಗ್ಗವನ್ನು ಸಡಿಲವಾಗಿ ಹರವಿ, ಹರಿವಿಗೆ ಬಿಡುತ್ತಿದ್ದರು. ಕೈಯಿಂದ ಮೆಲ್ಲಗೆ ಜಾಲಾಡಿಸುತ್ತಿದ್ದರು. ಬಂಡೆಗೆ ಬಡಿಯುವಂತಿಲ್ಲ, ಉಜ್ಜುವಂತಿಲ್ಲ, ಹಿಂಡುವಂತೂ ಕೂಡದು. ಹೊರಗಿನ ಕೊಳೆ ಹೋದರೂ ಬಿಡದೆ ಅರ್ಧ ದಿನ ನೀರಲ್ಲಿ ನಿಂತಿರುವುದನ್ನು ಕಂಡು, "ಸ್ವಚ್ಛ ಆತಲ್ಲ ಕಾಕಾ, ಸಾಕ ಮಾಡ್ರಿ" ಎಂದೆ. "ಮಣ್ಣ ಹೊರಗಿದ್ರ ಹೊಲಸು ರಾಯರ, ಒಳಗ ಹೊಕ್ರ ಕತ್ತಿ. ನಾ ತೊಳ್ಯಾಕ ಹತ್ತಿದ್ದು ಒಳಗಿಂದು" ಎಂದರು. ಎಳೆಗಳ ನಡುವೆ ಸೇರಿದ ಮರಳಿನ ಕಣ, ಹಗ್ಗ ಬಿಗಿದಾಗಲೆಲ್ಲ ನಾರನ್ನು ಒಳಗಿಂದೊಳಗೇ ಕೊಯ್ಯುತ್ತದಂತೆ.

ಆಮೇಲೆ ಎರಡು ಬೇವಿನ ಗಿಡಗಳ ನಡುವೆ, ಅರಿವೆ ಸುತ್ತಿದ ಗೂಟಗಳ ಮೇಲೆ, ನೆರಳಲ್ಲಿ ಎರಡು ದಿನ ಒಣಗಬೇಕು. ಬಿಸಿಲು ತಾಗಬಾರದು. ಒಣಗಿದ ಮೇಲೆ ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸುತ್ತ ಬರುತ್ತಿದ್ದರು. ಮೊಳಕ್ಕೊಂದು ಕಡೆ ಹುರಿ ಬಿಡಿಸಿ, ಎಳೆಗಳ ಒಳಗೆ ಮೂಗಿಟ್ಟು ಮೂಸುವುದು. ಹುಳಿ ವಾಸನೆ ಬಂದರೆ ನಾರು ಕೊಳೆಯತೊಡಗಿದೆ ಎಂದು ತಿಳಿಯಬೇಕು. ಕಡೆಗೆ ಸಿಂಬಿ ಸುತ್ತಿ, ತಮಗೊಬ್ಬರಿಗೇ ಗೊತ್ತಿರುವ ಸುತ್ತಿನಲ್ಲಿ ಒಂದು ಬೇವಿನೆಲೆ ಸಿಕ್ಕಿಸಿಡುತ್ತಿದ್ದರು. ಎಲೆ ಜಾರಿದ್ದರೆ ಯಾರೋ ಮುಟ್ಟಿದ್ದಾರೆ ಎಂದರ್ಥ. ಆಗ ತೊಳೆಯುವುದು, ಒಣಗಿಸುವುದು, ಮೂಸುವುದು ಎಲ್ಲ ಮತ್ತೆ ಮೊದಲಿನಿಂದ.

ಅವರ ಬೇಡಗಳಿಗೆ ಕೊನೆಯಿರಲಿಲ್ಲ. ಹಗ್ಗ ದಾಟಬ್ಯಾಡ್ರಿ. ಮೊಳೆಗೆ ತೂಗಬ್ಯಾಡ್ರಿ. ಒಲಿ ಹೊಗಿ ತಾಗಸಬ್ಯಾಡ್ರಿ. ಎಲಿ ಅಡಿಕಿ ಹಾಕಿದ ಸುಣ್ಣದ ಬೆರಳ ಹಚ್ಚಬ್ಯಾಡ್ರಿ. ಸವಳ ಮಣ್ಣಿಗೆ ಒಯ್ಯಬ್ಯಾಡ್ರಿ. ಬೆಕ್ಕ ಮಲಗಬಾರದು. ಬಟ್ಟ ಮಾಡಿ ಸುತ್ತ ಎಣಸಬಾರದು. ಇವುಗಳಲ್ಲಿ ಯಾವುದು ಬುದ್ಧಿಯ ಮಾತು, ಯಾವುದು ಬರೀ ಸಂಶಯದ ಮಾತು ಎಂದು ಬೇರೆ ಮಾಡುವ ಗೊಡವೆಗೆ ನಾನು ಹೋಗಲಿಲ್ಲ. ಎಲ್ಲವನ್ನೂ ಒಂದೇ ಗಂಟು ಕಟ್ಟಿ, ಮುದುಕರ ಹುಚ್ಚು ಎಂದುಕೊಂಡುಬಿಟ್ಟೆ.

ಕಾಕಾ ಊರನ್ನು ನಂಬುತ್ತಿರಲಿಲ್ಲ, ಊರೂ ಕಾಕಾನನ್ನು ನಂಬುತ್ತಿರಲಿಲ್ಲ. ಗೋಡೆ ಹತ್ತಿ ಇಳಿಯಬಲ್ಲ ಮನುಷ್ಯ, ಅದೂ ಸ್ವಂತ ಹಗ್ಗ ಇರುವವನು, ಹಗಲು ಸಸಿ ಕೀಳುವುದು ನೆವಕ್ಕಷ್ಟೇ ಎಂದು ಜನ ಆಡಿಕೊಳ್ಳುತ್ತಿದ್ದರು. ಅವರು ಬಂದ ಸುದ್ದಿ ಕೇಳಿದರೆ ಹೆಂಗಸರು ಕಿಟಕಿಯ ಅಗಳಿ ನೋಡಿಕೊಳ್ಳುತ್ತಿದ್ದರು. ದೇಸಾಯರು ಮೊದಲ ವರ್ಷವೇ ನನ್ನನ್ನು ಕರೆದು, "ಆ ಸಾಬನ ಮ್ಯಾಲೆ ಕಣ್ಣಿಡು. ಯಾವ ಖಿಡಕಿ ಕಡೆ ಎಷ್ಟ ಸಲ ನೋಡತಾನ ನೋಡ್ಕೋತ ಇರು" ಎಂದು ಹೇಳಿಟ್ಟಿದ್ದರು. ನನಗೂ ಅದು ಸರಿಯಾಗಿಯೇ ಕಂಡಿತ್ತು. ಅವರು ಎಲ್ಲಿ ಹೋದರೂ ನಾನು ಹಿಂದೆ.

ಹುಡೆಯ ನೆತ್ತಿಯಲ್ಲಿ ಒಂದು ಕಲ್ಲುಗೂಟ ಇತ್ತು. ಹಗ್ಗವನ್ನು ಅದಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಒಬ್ಬ ಹಿಡಿದು ನಿಲ್ಲಬೇಕು. ಕೆಳಗಿನಿಂದ ಅವರು ಕೂಗಿದಂತೆ ಸಡಿಲಿಸಬೇಕು, ಬಿಗಿಯಬೇಕು. ಹಗ್ಗ ಕಲ್ಲಿನ ಅಂಚಿಗೆ ಉಜ್ಜದಂತೆ ಅಡಿಗೆ ಗೋಣಿತಟ್ಟು ಸರಿಸುತ್ತಿರಬೇಕು. ಹಿಡಿದವನು ಕೈಬಿಟ್ಟರೆ ಕೆಳಗೆ ಕಲ್ಲಿನ ರಾಶಿ. ಮೊದಲ ವರ್ಷ ಅವರು ಮೂವರನ್ನು ನಿಲ್ಲಿಸಿ ಮೂವರನ್ನೂ ಬೇಡವೆಂದರು. ಒಬ್ಬ ಆಕಳಿಸಿದ. ಒಬ್ಬ ಮಾತಿಗೊಮ್ಮೆ ನಕ್ಕ. ಮೂರನೆಯವನು ಎಲೆ ಉಗುಳಲೆಂದು ಮುಖ ತಿರುಗಿಸಿದ. ಕೊನೆಗೆ ಹಗ್ಗವನ್ನು ಗೂಟಕ್ಕೇ ಬಿಗಿದು, ಒಬ್ಬರೇ ಹೇಗೋ ಪಾಡುಪಟ್ಟು ಕೆಲಸ ಮುಗಿಸಿದರು.

ಎರಡನೆಯ ವರ್ಷ ಬಂದವರೇ ನನ್ನ ಕಡೆ ಬೆರಳು ತೋರಿಸಿ, "ರಾಯರು ಹಿಡೀಲಿ" ಎಂದರು. ನನಗೆ ಆಶ್ಚರ್ಯವಾಯಿತು.

"ನಾನ ಯಾಕ ಕಾಕಾ?"

"ನಿಮಗ ನನ್ನ ಮ್ಯಾಲೆ ಸಂಶೇ ಐತಿ. ಹೋದ ವರ್ಷ ನನ್ನ ಮ್ಯಾಲಿಂದ ನಿಮ್ಮ ಕಣ್ಣ ಒಂದ ಸಲಾ ಸರೀಲಿಲ್ಲ. ನನಗ ಅಂಥಾವ್ರ ಬೇಕು."

ಹೀಗೆ ನಾನು ಹಗ್ಗ ಹಿಡಿಯುವವನಾದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಅಲ್ಲಿಯವರೆಗೆ ಯಾರೂ ನನ್ನ ಕೈಗೆ ಕಾಗದಕ್ಕಿಂತ ಭಾರವಾದದ್ದನ್ನು ಕೊಟ್ಟಿರಲಿಲ್ಲ. ಅವರು ಅಂಚಿನಾಚೆ ಕಾಲಿಟ್ಟು ಮೈಭಾರವನ್ನೆಲ್ಲ ಹಗ್ಗಕ್ಕೆ ಬಿಟ್ಟಾಗ, ಹಗ್ಗ ಗೂಟದಲ್ಲಿ ಕಿರುಗುಟ್ಟಿ ಬಿಗಿಯುತ್ತಿತ್ತು. ಅವರು ಉಸಿರೆಳೆದುಕೊಂಡರೂ ನನ್ನ ಅಂಗೈಗೆ ತಿಳಿಯುತ್ತಿತ್ತು. ಆ ಮೂರು ವಾರ ನಾನು ಬಹಳ ಸಂತೋಷದಿಂದ ಇದ್ದೆ. ಹಾಗೆಂದು ಸಂಶಯ ಬಿಟ್ಟಿದ್ದೆನೆಂದಲ್ಲ. ಸಂಜೆ ದೇಸಾಯರು ಕೇಳಿದರೆ ಕಾಕಾ ಯಾವ ಕಿಟಕಿ ನೋಡಿದರೆಂದು ತಪ್ಪದೆ ಹೇಳುತ್ತಿದ್ದೆ.

ಮೂರನೆಯ ವರ್ಷ ಹಗ್ಗ ತೊಳೆದು, ಒಣಗಿಸಿ, ಸಿಂಬಿ ಸುತ್ತಿ ಆಗಿತ್ತು. ನಾಳೆ ಇಳಿಯುವುದು ಎನ್ನುವಾಗ ವಾಡೆಯ ಮಾಳಿಗೆಯ ದೇವರ ಕೋಣೆಯಿಂದ ಬೆಳ್ಳಿಯ ಗಿಂಡಿ ಕಾಣೆಯಾಯಿತು. ಆ ಕೋಣೆಯ ಕಿಟಕಿ ಹುಡೆಯ ಕಡೆಗೇ ಇತ್ತು. ಇನ್ನೇನು ಬೇಕು? "ಹಗ್ಗ ತಂದ ಕೂಡಿಹಾಕು. ಹಗ್ಗ ಬಿಟ್ಟ ಎಲ್ಲಿ ಹೋಗತಾನ? ಗಿಂಡಿ ತಾನ ಹೊರಗ ಬರತೈತಿ" ಎಂದರು ದೇಸಾಯರು. ನಾನೇ ಹೋಗಿ ಕಾಕಾನ ಹೆಗಲಿನಿಂದ ಸಿಂಬಿ ತೆಗೆದುಕೊಂಡು, ಆಡಿನ ಕೊಟ್ಟಿಗೆಯ ಪಕ್ಕದ ಹಾಳು ಕೋಣೆಯಲ್ಲಿ ಇಟ್ಟು ಬೀಗ ಹಾಕಿದೆ.

ಕಳುವಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ತಾನಲ್ಲ ಎಂದು ಆಣೆ ಇಡಲಿಲ್ಲ, ಅಳಲಿಲ್ಲ. ವಾಡೆಯ ಬಾಗಿಲಿನೆದುರು ಬೇವಿನ ಕಟ್ಟೆಗೆ ಬೆನ್ನು ಕೊಟ್ಟು ನಾಲ್ಕು ದಿನ ಕೂತರು. ಬೆಳಗ್ಗೆ ನಾನು ಹೊರಗೆ ಬಂದರೆ, "ಹಗ್ಗಕ್ಕ ಗಾಳಿ ಆಡತೈತೇನ್ರಿ?" ಎಂದು ಕೇಳುವುದು. "ಆಡತೈತಿ" ಎನ್ನುತ್ತಿದ್ದೆ. ಆ ಕೋಣೆಗೆ ಬೆಳಕಿಂಡಿಯೇ ಇರಲಿಲ್ಲ. "ಇಲಿ ಅದಾವೇನ್ರಿ?" "ಇಲ್ಲ ಬಿಡ್ರಿ." ನಾನು ಬೀಗ ತೆಗೆದು ನೋಡಿಯೇ ಇರಲಿಲ್ಲ. ಎಂಥ ನಟನೆ ಇವರದು, ತಲೆಯ ಮೇಲೆ ಕಳುವಿನ ಮಾತು ತೂಗುತ್ತಿರುವಾಗ ಇಲಿಯ ಚಿಂತೆ ಮಾಡುತ್ತಾರಲ್ಲ ಎಂದು ಒಳಗೊಳಗೇ ಅಂದುಕೊಂಡಿದ್ದೆ.

ಐದನೆಯ ದಿನ ದೇಸಾಯರ ಮುದಿ ತಾಯಿಗೆ ನೆನಪಾಯಿತು. ಹಗ್ಗದವ ಊರಿಗೆ ಬಂದ ಎಂದು ಕೇಳಿ, ಅವನಿಂದ ಕಾಪಾಡಲೆಂದು ಆಕೆಯೇ ಗಿಂಡಿಯನ್ನು ಜೋಳದ ಕಣಜದಲ್ಲಿ ಮೊಳಕೈ ಆಳಕ್ಕೆ ಹುಗಿದಿಟ್ಟು ಮರೆತಿದ್ದರು. ದೇಸಾಯರು ಹೊಟ್ಟೆ ಹಿಡಿದು ನಕ್ಕರು. "ಹಗ್ಗ ಕೊಟ್ಟಬಿಡು" ಎಂದಷ್ಟೇ ಹೇಳಿ ಒಳಗೆ ಹೋದರು. ತಪ್ಪಾಯಿತು ಎನ್ನುವ ಮಾತು ಆ ವಾಡೆಯ ಹೊಸ್ತಿಲು ದಾಟಿ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ.

ಬೀಗ ತೆಗೆದು ನೋಡಿದೆ. ಕೊಟ್ಟಿಗೆಯ ಕಡೆಯ ಮುರಿದ ಬಾಗಿಲ ಸಂದಿಯಿಂದ ಆಡು ಒಳಗೆ ಹೊಕ್ಕು ಹಗ್ಗದ ಮೇಲೆಯೇ ಮಲಗಿ ಎದ್ದಿದ್ದವು. ಹಿಕ್ಕೆ, ಉಚ್ಚೆ, ಮೂಗು ಮುಚ್ಚಿಕೊಳ್ಳುವಂಥ ನಾತ. ನನಗೆ ನಾಚಿಕೆಯಾಯಿತು. ನಿರಪರಾಧಿ ಎಂದು ತಿಳಿದ ಮೇಲೆ ಆ ಮನುಷ್ಯನಿಗೆ ಅವರ ಹಗ್ಗವನ್ನು ಈ ರೂಪದಲ್ಲಿ ಹೇಗೆ ಕೊಡುವುದು? ದೇಸಾಯರು ಆಡದ ಮಾತನ್ನು ನಾನು ಬೇರೆ ರೀತಿಯಿಂದ ಆಡಬೇಕು ಎನಿಸಿತು. ವಾಡೆಯ ಮಡಿವಾಳನನ್ನು ಕರೆಸಿ, "ಧಣೇರ ಧೋತರ ಹೆಂಗ ಒಗೀತಿ ಹಂಗ ಒಗದ ತಾ. ಒಂದ ಕಲಿ ಉಳೀಬಾರದು" ಎಂದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಬೀಗರು ಬಂದರೂ ಅವರ ಅರಿವೆಯನ್ನು ಧಣಿಗಳ ಅರಿವೆಯ ಜೊತೆ ಒಗೆಯಲು ಹಾಕುತ್ತಿರಲಿಲ್ಲ.

ಮಡಿವಾಳ ಮನಸ್ಸಿಟ್ಟು ಕೆಲಸ ಮಾಡಿದ. ಕೊಳೆ ತಿನ್ನುವ ಸವಳು ಮಣ್ಣಿನಲ್ಲಿ ನೆನೆಸಿ, ದೇಸಾಯರ ಧೋತರಗಳ ಜೊತೆ ಉಬ್ಬೆಗೆ ಹಾಕಿ ಬೇಯಿಸಿ, ಬಂಡೆಯ ಮೇಲೆ ಬಡಿದು, ಹಿಂಡಿ, ರಣಬಿಸಿಲಿಗೆ ಒಣಹಾಕಿದ. ಮರುದಿನ ಮಧ್ಯಾಹ್ನ ಹಗ್ಗ ಬಂದಾಗ ಗುರುತೇ ಸಿಗಲಿಲ್ಲ. ಮಲ್ಲಿಗೆಯ ಮಾಲೆಯಷ್ಟು ಬೆಳ್ಳಗೆ. ಹಿತ್ತಾಳೆಯ ತಾಟಿನಲ್ಲಿ ಎಲೆ ಅಡಿಕೆ ಇಟ್ಟು, ಪಕ್ಕದಲ್ಲಿ ಹಗ್ಗ ಇಟ್ಟುಕೊಂಡು, ಬೇವಿನ ಕಟ್ಟೆಗೆ ಹೋದೆ. ಇಂದು ಈ ಮನುಷ್ಯನ ಮುಖದಲ್ಲಿ ಒಮ್ಮೆಯಾದರೂ ನಗು ಕಾಣಬಹುದು ಎಂದುಕೊಂಡಿದ್ದೆ.

ಕಾಕಾ ತಾಟು ಮುಟ್ಟಲಿಲ್ಲ. ಹಗ್ಗವನ್ನು ಎತ್ತಿ ಮೂಗಿಗೆ ಹಿಡಿದರು. ಮುಖ ಬಣ್ಣಗೆಟ್ಟಿತು.

"ಇದನ್ನ ಯಾರ ಒಗಸಿದ್ರಿ?"

ಅಷ್ಟರಲ್ಲಿ ದೇಸಾಯರು ಬಾಗಿಲಿಗೆ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು. ಅವರನ್ನು ಕೇಳದೆ ಅವರ ಧೋತರದ ಜೊತೆ ಹಗ್ಗವನ್ನು ಉಬ್ಬೆಗೆ ಹಾಕಿಸಿದ್ದು ಆಗ ನೆನಪಾಯಿತು. ಇತ್ತ ಕಾಕಾನ ಮುಖ ನೋಡಿದರೆ ಏನೋ ದೊಡ್ಡ ತಪ್ಪೇ ಆಗಿದೆ ಎಂಬುದು ತಿಳಿಯುತ್ತಿತ್ತು. ನಾಲಿಗೆ ತಾನಾಗಿ ಹೊರಳಿತು.

"ಗೊತ್ತಿಲ್ಲ ಕಾಕಾ. ನಾ ಬೀಗಾ ತಗದಾಗ ಹಿಂಗ ಇತ್ತು."

ಎಂಥ ದಡ್ಡ ಸುಳ್ಳು! ಆಡಿನ ಕೋಣೆಯಲ್ಲಿ ಬಿದ್ದ ಹಗ್ಗ ತನ್ನಷ್ಟಕ್ಕೆ ಬೆಳ್ಳಗಾಗುತ್ತದೆಯೇ? ಆದರೆ ಆಡಿಬಿಟ್ಟಿದ್ದೆ. ಕಾಕಾ ನನ್ನನ್ನು ನೋಡಿ, "ಹಂಗೇನ್ರಿ" ಎಂದರು. ಮತ್ತೆ ಕೇಳಲಿಲ್ಲ.

ಮರುದಿನ ಬೆಳಗ್ಗೆ ಹುಡೆಯ ಮೇಲೆ ಎಲ್ಲರೂ ಸೇರಿದಾಗ, ಈ ಹಗ್ಗದ ಮೇಲೆ ಇಳಿಯುವುದಿಲ್ಲ ಎಂದರು. ಸವಳು ಮಣ್ಣಲ್ಲಿ ಬೆಂದ ನಾರು ಒಳಗೆ ಸತ್ತಿರುತ್ತದೆ ಎಂದರು. ದೇಸಾಯರಿಗೆ ಅದು ಕಳುವು ಹೊರಿಸಿದ್ದರ ಸೇಡಿನಂತೆ ಕಂಡಿತು. "ಕೆಲಸಾ ತಪ್ಪಸಾಕ ನೆವಾ ಹುಡಕತಾನ. ಜೋಳದ ಚೀಲಾ ಕಟ್ಟಿ ಬಿಡ್ರಿ, ನೋಡೂಣು" ಎಂದರು. ತುಂಬಿದ ಚೀಲವನ್ನು ಕಟ್ಟಿ ಅಂಚಿನಿಂದ ಕೆಳಗೆ ಇಳಿಬಿಟ್ಟರು. ಹಗ್ಗ ತಡೆಯಿತು. ಜನ ಗೊಳ್ಳೆಂದು ನಕ್ಕರು. ನನ್ನ ಎದೆಯೂ ಹಗುರಾಯಿತು. ಹಗ್ಗಕ್ಕೆ ಏನೂ ಆಗಿಲ್ಲ, ಇದೂ ಅವರ ನೂರು ಸಂಶಯಗಳಲ್ಲಿ ಒಂದು ಎಂದುಕೊಂಡೆ.

"ಚೀಲಾ ಒದ್ದಾಡಂಗಿಲ್ಲ ಧಣಿ" ಎಂದರು ಕಾಕಾ. "ಮನಷ್ಯಾ ಒದ್ದಾಡತಾನ. ಗಿಡಾ ಜಗ್ಗತಾನ, ಕಾಲ ಜಾರತಾನ."

ವಾಡೆಯಲ್ಲಿ ದೇಸಾಯರು ಸಾಕಿದ್ದ ಒಬ್ಬ ಪೈಲ್ವಾನನಿದ್ದ. ಹಾಲು ತುಪ್ಪ ಉಂಡು ಬೆಳೆದ, ಚೀಲದ ಒಂದೂವರೆ ಪಟ್ಟು ತೂಕದ ಆಳು. ಅವನು ಅಂಗಿ ಕಳಚಿ ಮುಂದೆ ಬಂದು, "ಈ ಮುದುಕಗ ಅಂಜಿಕಿ ಬಂದೈತಿ. ನಾ ಇಳೀತೇನಿ ಬಿಡ್ರಿ" ಎಂದು ಹಗ್ಗದ ಕುಣಿಕೆಯನ್ನು ಸೊಂಟಕ್ಕೆ ಹಾಕಿಕೊಂಡ. ದೇಸಾಯರು ಭಲೇ ಎಂದರು. ನನ್ನ ಕಡೆ ತಿರುಗಿ, "ನೀ ಹಿಡಿಯೋ" ಎಂದರು.

ಕಲ್ಲುಗೂಟಕ್ಕೆ ಎರಡು ಸುತ್ತು ಹಾಕಿ ಹಗ್ಗ ಹಿಡಿದೆ. ಬಾಯಿ ತೆರೆದು, ಇದನ್ನು ಉಬ್ಬೆಗೆ ಹಾಕಿಸಿದ್ದು ನಾನು, ನಿನ್ನೆ ಹೇಳಿದ್ದು ಸುಳ್ಳು, ಕಾಕಾ ಹೇಳುವುದು ನಿಜವಿದ್ದರೂ ಇರಬಹುದು ಎನ್ನಲು ಅಷ್ಟು ಹೊತ್ತು ಸಮಯವಿತ್ತು. ಎನ್ನಲಿಲ್ಲ. ಚೀಲ ತಡೆಯಿತಲ್ಲ, ಚೀಲ ತಡೆಯಿತಲ್ಲ ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದೆ. ಪೈಲ್ವಾನ ಅಂಚಿಗೆ ಕೂತು ಕಾಲು ಹೊರಗೆ ಚಾಚಿದ.

ಕಾಕಾ ಓಡಲಿಲ್ಲ, ಕೂಗಲಿಲ್ಲ. ನಾಲ್ಕು ಹೆಜ್ಜೆ ನಡೆದು ಬಂದು, ನನಗೂ ಪೈಲ್ವಾನನಿಗೂ ನಡುವೆ ಕುಕ್ಕರುಗಾಲಲ್ಲಿ ಕೂತು, ಸೊಂಟದ ಕುಡುಗೋಲು ತೆಗೆದು ಹಗ್ಗವನ್ನು ಕೊಯ್ದರು. ಪೈಲ್ವಾನ ಏನಾಯಿತೆಂದು ತಿರುಗುವಷ್ಟರಲ್ಲಿ ಅವನ ಸೊಂಟದ ಕುಣಿಕೆಗೆ ಮೊಳದುದ್ದದ ತುಂಡು ಜೋತಾಡುತ್ತಿತ್ತು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಉಳಿದದ್ದನ್ನೆಲ್ಲ ಎಳೆದುಕೊಂಡು, ಯಾರೂ ಗಂಟು ಹಾಕಿ ಬಳಸಲಾಗದಂತೆ, ಮಾರಿಗೊಂದು ಕಡೆ ಕತ್ತರಿಸುತ್ತ ಹೋದರು. ಆ ಹಗ್ಗಕ್ಕೆ ಸೆಣಬು ಆರಿಸಿ, ನಾರು ತೆಗೆದು, ಗಂಡ ಹೆಂಡತಿ ಕೂಡಿ ಆರು ತಿಂಗಳು ಹೊಸೆದಿದ್ದರು. ವರ್ಷದ ದುಡಿಮೆಯೆಲ್ಲ ಮುಂದಿನ ಆ ನಾಲ್ಕು ತಿಂಗಳಲ್ಲಿಯೇ ಇತ್ತು.

ಹತ್ತು ಜನರೆದುರು ಅವಮಾನವಾಯಿತೆಂದು ಪೈಲ್ವಾನ ಅವರ ಎದೆಗೆ ಕೈ ಹಾಕಿ ದೂಡಿದ. ಬಾಯಿಗೆ ಬಂದಂತೆ ಬೈದ. ಕಾಕಾ ಬಿದ್ದಲ್ಲಿಂದ ಎದ್ದು, ತುಂಡುಗಳನ್ನು ಆರಿಸಿ ಚೀಲಕ್ಕೆ ತುಂಬಿಕೊಂಡರು. "ನಿನ್ನ ಹಗ್ಗಾ ನೀನ ಕಡಕೊಂಡಿ, ನಾ ಏನ ಮಾಡ್ಲಿ" ಎಂದು ದೇಸಾಯರು ಮೆಟ್ಟಿಲು ಇಳಿದರು.

ನಾನು ಕಾಕಾನ ಹಿಂದೆ ಹಳ್ಳದವರೆಗೆ ಹೋದೆ. ಅವರು ನೀರಲ್ಲಿ ಮುಖ ತೊಳೆಯುತ್ತಿದ್ದರು. ಕಣ್ಣಲ್ಲಿ ನೀರು ತುಂಬಿ, "ಕಾಕಾ, ಅದನ್ನ ಒಗಸಿದಾವ ನಾನ" ಎಂದೆ.

"ಗೊತ್ತೈತ್ರಿ. ಮಡಿವಾಳ ನಿನ್ನಿ ಮುಂಜಾನೆನ ಹೇಳ್ಯಾನ. ಎಷ್ಟ ಬೆಳ್ಳಗಾಗೇತಿ ನೋಡ್ರಿ ಅಂತ ಅವಂಗ ಭಾಳ ಹೆಮ್ಮಿ."

"ಗೊತ್ತಿದ್ರೂ ನನ್ನ ಯಾಕ ಕೇಳಿದ್ರಿ?"

"ನೀವ ಏನ ಹೇಳತೀರಿ ಅಂತ ಕೇಳಿದೆ."

ಹಗ್ಗ ನಿಜವಾಗಿಯೂ ಹರಿಯುತ್ತಿತ್ತೇ ಎಂದು ಕೇಳಿದೆ. ಅವರು ಚೀಲದಿಂದ ಒಂದು ತುಂಡು ತೆಗೆದು ಹುರಿ ಬಿಡಿಸಿ ಕೊಟ್ಟರು. ಒಳಗಿನ ಕೆಲವು ಎಳೆಗಳು ಉಗುರಿಗೆ ಸಿಕ್ಕೊಡನೆ ಪುಡಿಯಾದವು. ಕೆಲವು ಜಗ್ಗಿದರೂ ಹರಿಯಲಿಲ್ಲ.

"ಹರೀತಿತ್ತೋ ಇಲ್ಲೋ ನನಗೂ ಗೊತ್ತಿಲ್ರಿ" ಎಂದರು. "ಗೊತ್ತಿಲ್ಲ ಅಂದಮ್ಯಾಲೆ ಮನಷ್ಯಾನ್ನ ಇಳಸಾಕ ಬರಂಗಿಲ್ಲ."

ಆ ಸಂಜೆ ದೇಸಾಯರಿಗೆ ಎಲ್ಲ ಹೇಳಿದೆ. "ಆದದ್ದಾತು, ಸುಮ್ಮನಿರು" ಎಂದರು. ಆ ವರ್ಷ ಕಾಕಾ ಯಾವ ಊರಿನ ಗೋಡೆಯನ್ನೂ ಇಳಿಯಲಿಲ್ಲವೆಂದು, ಮನೆಯಲ್ಲಿ ಹೆಂಡತಿ ಕೂ‌ಲಿಗೆ ಹತ್ತಿ ಬಿಡಿಸಲು ಹೋದಳೆಂದು ಆಮೇಲೆ ಕೇಳಿದೆ. ನನಗೆ ಊಟ ರುಚಿಸದ ದಿನಗಳು ಅವು. ಬೈಲಹೊಂಗಲಕ್ಕೆ ಹೋಗಿ ಕಾಲಿಗೆ ಬೀಳಬೇಕೆಂದು ಎರಡು ಸಲ ಹೊರಟು ಎರಡು ಸಲವೂ ಅರ್ಧ ದಾರಿಯಿಂದ ತಿರುಗಿ ಬಂದೆ.

ಮರುವರ್ಷ ಹಸ್ತಾ ಮಳೆ ಮುಗಿಯುತ್ತಲೇ ಅವರು ಬಂದರು. ಹೆಗಲಿಗೆ ಹೊಸ ಹಗ್ಗ ಇತ್ತು. ಹಳ್ಳಕ್ಕೆ ಹೋಗಿ ತೊಳೆದರು, ಬೇವಿನ ನೆರಳಲ್ಲಿ ಒಣಗಿಸಿದರು, ಕಣ್ಣು ಮುಚ್ಚಿ ಬೆರಳಾಡಿಸಿದರು. ನಾನು ದೂರ ನಿಂತು ನೋಡಿದೆ. ಇಳಿಯುವ ದಿನ ಎಲ್ಲರಿಗಿಂತ ಮೊದಲು ಹುಡೆ ಹತ್ತಿ, ಕಲ್ಲುಗೂಟದ ಸುತ್ತ ಗುಡಿಸಿ, ಗೋಣಿತಟ್ಟು ನೀಟಾಗಿ ಮಡಚಿ ಇಟ್ಟುಕೊಂಡು ಕಾದೆ. ಕಾಕಾ ಮೇಲೆ ಬಂದರು. "ಆರಾಮ ಅದೀರಿಲ್ರಿ ರಾಯರ? ಮನ್ಯಾಗೆಲ್ಲಾರೂ ಆರಾಮ?" ಎಂದು ಕೇಳಿದರು. ಯಾರನ್ನೂ ಹಾಗೆ ಕೇಳಿದವರಲ್ಲ. ನನ್ನ ಜೀವಕ್ಕೆ ತಂಪಾಯಿತು.

"ಒಂದೀಟ ಪೈಲ್ವಾನನ್ನ ಕರೀತೀರೇನ್ರಿ?" ಎಂದರು ಆಮೇಲೆ.

ಹಳೆಯ ಜಗಳ ಮುಗಿಸಲು ಕರೆಯುತ್ತಿದ್ದಾರೆ ಎಂದುಕೊಂಡು ಓಡಿಹೋಗಿ ಕರೆತಂದೆ. ಪೈಲ್ವಾನ ಮುಖ ಗಂಟು ಹಾಕಿಕೊಂಡೇ ಬಂದ. ಕಾಕಾ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಅವನ ಕೈಗೆ ಕೊಟ್ಟರು. ಹೇಗೆ ಸಡಿಲಿಸಬೇಕು, ಹೇಗೆ ಬಿಗಿಯಬೇಕು ಎಂದು ಎರಡೇ ಮಾತಿನಲ್ಲಿ ಹೇಳಿದರು. ನನಗೆ ತಡೆಯಲಾಗಲಿಲ್ಲ.

"ಕಾಕಾ, ಅಂವಾ ನಿಮ್ಮ ಮೈಮ್ಯಾಲೆ ಕೈ ಮಾಡಿದಾವ."

"ಹೌದ್ರಿ" ಎಂದರು ಕುಣಿಕೆ ಬಿಗಿದುಕೊಳ್ಳುತ್ತ. "ಎಲ್ಲಾರ ಮುಂದ ಮಾಡಿದ."

ಅಂಚಿನಾಚೆ ಕಾಲಿಟ್ಟು ಮೈಭಾರ ಬಿಟ್ಟರು. ಹಗ್ಗ ಕಿರುಗುಟ್ಟಿತು. ಪೈಲ್ವಾನ ಉಸಿರು ಬಿಗಿಹಿಡಿದು, ಎರಡೂ ಕೈಯಲ್ಲಿ ಹಗ್ಗ ಹಿಡಿದು, ಅಂಚಿನಿಂದ ಕಣ್ಣು ಕೀಳದೆ ನಿಂತಿದ್ದ. ಹಗ್ಗ ಕಲ್ಲಿಗೆ ತಾಗುತ್ತಿರುವುದು ಕಂಡು, ಅಷ್ಟಾದರೂ ನನ್ನ ಕೆಲಸ ಎಂದು ಗೋಣಿತಟ್ಟು ತೆಗೆದುಕೊಂಡು ಬಗ್ಗಿದೆ. ನನ್ನ ನೆರಳು ಕಂಡಿತೋ ಏನೋ, ಕೆಳಗಿನಿಂದ ಕಾಕಾನ ದನಿ ಬಂತು.

"ನೀವ ಬ್ಯಾಡ್ರಿ ರಾಯರ. ಅಂವಾನ ಇಡ್ಲಿ."